ರೋಲ್-ಟು-ರೋಲ್ ಮುದ್ರಣ: ಪದರದ ಮೇಲೆ ಪದರ ಸರಿಯಾಗಿ ಕೂರುತ್ತಿಲ್ಲ, ಕ್ಯಾಮೆರಾ ಬದಲಿಸುವ ಮುಂಚೆ ಏನು ನೋಡಬೇಕು?

ಪೀಣ್ಯ_ಎರಡನೇ_ಹಂತ

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಮುದ್ರಣ ಲೈನ್ ಇದೆ; ಒಂದು ರೋಲ್‌ನಿಂದ ಬಿಚ್ಚಿದ ಫಿಲ್ಮ್ ಮುದ್ರಣವಾಗಿ ಇನ್ನೊಂದು ರೋಲ್‌ಗೆ ಸುತ್ತಿಕೊಳ್ಳುತ್ತದೆ. 125 ಮೈಕ್ರಾನ್ ದಪ್ಪ, 300 ಮಿ.ಮೀ. ಅಗಲದ ಪಿಇಟಿ (ಪಾಲಿಯೆಸ್ಟರ್) ಫಿಲ್ಮ್ ಮೇಲೆ ರೋಟರಿ ಸ್ಕ್ರೀನ್‌ನಲ್ಲಿ (ತಿರುಗುವ ಕೊಳವೆಯಾಕಾರದ ಜಾಲರಿ ಅಚ್ಚು) ಮೂರು ಪದರ ಹೊಡೆಯುತ್ತೇವೆ. ಮೊದಲು ಬೆಳ್ಳಿ ಶಾಯಿ, ಅದರ ಮೇಲೆ ವಿದ್ಯುತ್ ಹರಿಯಗೊಡದ ಇನ್ಸುಲೇಟರ್, ಕೊನೆಗೆ ಮತ್ತೆ ಬೆಳ್ಳಿ. ಮೊದಲೆರಡು ಪದರ ಒಂದೇ ಓಟದಲ್ಲಿ ಆಗುತ್ತವೆ. ರೋಲ್ ಸುತ್ತಿಟ್ಟು, ಮರುದಿನವೋ ಅದರಾಚೆಯೋ ಮೂರನೇ ಪದರ. ವೇಗ ನಿಮಿಷಕ್ಕೆ 6 ಮೀಟರ್, ರಿಪೀಟ್ (ಅದೇ ಚಿತ್ರ ಮರುಕಳಿಸುವ ಉದ್ದ) 500 ಮಿ.ಮೀ., ಟೆನ್ಷನ್ (ಫಿಲ್ಮ್‌ನ ಎಳೆತ) 100 ನ್ಯೂಟನ್. ಒಂದು ಮತ್ತು ಎರಡನೇ ಮುದ್ರಣ ಘಟಕದ ನಡುವೆ ಬಿಸಿಗಾಳಿ ಡ್ರೈಯರ್. ಅದರ ದಾರಿ ಸೇರಿಸಿದರೆ ಸುಮಾರು 6 ಮೀಟರ್ ಫಿಲ್ಮ್ ನಡುವೆ ಇರುತ್ತದೆ.

ಬೆಳಗ್ಗೆ ಮೊದಲೆರಡು ಪದರಗಳ ವ್ಯತ್ಯಾಸ ±60 ಮೈಕ್ರಾನ್ ಒಳಗೆ ಇರುತ್ತದೆ. ಮಧ್ಯಾಹ್ನವಾಯಿತೆಂದರೆ 100 ದಾಟುತ್ತದೆ. ಮೂರನೇ ಪದರದ್ದು ಇನ್ನೂ ಕಷ್ಟ. 150, 200 ಮೈಕ್ರಾನ್‌ವರೆಗೂ ಹೋಗುತ್ತದೆ, ಒಂದು ರೋಲ್ ಇದ್ದಂತೆ ಇನ್ನೊಂದು ಇಲ್ಲ. ಪ್ಯಾಕೇಜಿಂಗ್ ಕೆಲಸದಲ್ಲಿ 100 ಮೈಕ್ರಾನ್ ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮಲ್ಲಿ ಕ್ರಾಸ್‌ಓವರ್ (ಒಂದು ಬೆಳ್ಳಿ ಗೆರೆಯ ಮೇಲೆ ಇನ್ನೊಂದು ದಾಟುವ ಜಾಗ) ಶಾರ್ಟ್ ಆಗಿ ಇಡೀ ಪೀಸ್ ಕಸಕ್ಕೆ ಹೋಗುತ್ತದೆ. ಗ್ರಾಹಕರು ಕೇಳುತ್ತಿರುವುದು ±25.

ಮೆಷಿನ್ ಕೊಟ್ಟವರು ಗುರುತು ನೋಡುವ ಹೊಸ ಕ್ಯಾಮೆರಾ, ರೋಲರ್ ತಿರುಗಿಸುವ ಹೊಸ ಸರ್ವೋ ಡ್ರೈವ್ ಹಾಕಿಸಿ ಅನ್ನುತ್ತಾರೆ. ನಮ್ಮಂಥ ಘಟಕಕ್ಕೆ ಅದು ದೊಡ್ಡ ಮೊತ್ತ. ಹಾಕಿಸಿದರೆ ಸರಿಹೋಗುತ್ತದೆಯೇ? ಅನುಭವ ಇರುವವರು ದಯವಿಟ್ಟು ಹೇಳಿ.

ಲೂಪ್_ಗೇನ್

ಈಗಿರುವ ಕ್ಯಾಮೆರಾದ ಒಂದು ಪಿಕ್ಸೆಲ್ ಎಷ್ಟು ಮೈಕ್ರಾನ್? ರೋಲರ್ ತಿರುಗಿದ ಕೋನ ಅಳೆಯುವ ಎನ್‌ಕೋಡರ್ ಎಷ್ಟು ಬಿಟ್?

ಪೀಣ್ಯ_ಎರಡನೇ_ಹಂತ

ಪಿಕ್ಸೆಲ್ 5 ಮೈಕ್ರಾನ್. ಎನ್‌ಕೋಡರ್ 20 ಬಿಟ್.

ಲೂಪ್_ಗೇನ್

ಹಾಗಾದರೆ ಸದ್ಯಕ್ಕೆ ದುಡ್ಡು ಜೇಬಿನಲ್ಲೇ ಇರಲಿ. 20 ಬಿಟ್ ಅಂದರೆ ಒಂದು ಸುತ್ತಿಗೆ 10,48,576 ಎಣಿಕೆ. 500 ಮಿ.ಮೀ. ಸುತ್ತಳತೆಗೆ ಒಂದು ಎಣಿಕೆ ಅರ್ಧ ಮೈಕ್ರಾನ್‌ಗೂ ಕಡಿಮೆ. 5 ಮೈಕ್ರಾನ್ ಪಿಕ್ಸೆಲ್ ಕೂಡ ±25ಕ್ಕೆ ಸಾಕು. ನಿಮ್ಮ ಯಂತ್ರ ತಪ್ಪನ್ನು ಚೆನ್ನಾಗಿಯೇ ನೋಡುತ್ತಿದೆ. ತಪ್ಪು ಹುಟ್ಟುವ ಜಾಗ ಬೇರೆ, ಅದನ್ನು ಫಿಲ್ಮ್‌ನಲ್ಲಿ ಹುಡುಕಬೇಕು.

ನೀವು ಬರೆದದ್ದರಲ್ಲಿ ನನ್ನ ಕಣ್ಣು ನಿಂತದ್ದು ಆ 6 ಮೀಟರ್ ಮೇಲೆ. ಲೆಕ್ಕ ಹಾಕಿ ನೋಡೋಣ. 300 ಮಿ.ಮೀ. ಅಗಲ, 0.125 ಮಿ.ಮೀ. ದಪ್ಪ, ಅಂದರೆ ಅಡ್ಡಕೊಯ್ತ 37.5 ಚದರ ಮಿ.ಮೀ. 100 ನ್ಯೂಟನ್ ಎಳೆದರೆ ಒತ್ತಡ 2.67 ಮೆಗಾಪಾಸ್ಕಲ್. ಪಿಇಟಿಯ ಮಾಡ್ಯುಲಸ್ (ಎಳೆತಕ್ಕೆ ಹಿಗ್ಗದೆ ನಿಲ್ಲುವ ಬಿಗಿ) 4.5 ಗಿಗಾಪಾಸ್ಕಲ್ ಎಂದು ಹಿಡಿದರೆ ಹಿಗ್ಗುವಿಕೆ ಸುಮಾರು 590 ಪಿಪಿಎಂ. ಒಂದು ಪಿಪಿಎಂ ಅಂದರೆ ಮೀಟರಿಗೆ ಒಂದು ಮೈಕ್ರಾನ್. ಟೆನ್ಷನ್‌ನಲ್ಲಿ 1% ಏರುಪೇರಾದರೆ ಮೀಟರಿಗೆ 6 ಮೈಕ್ರಾನ್, ನಿಮ್ಮ 6 ಮೀಟರಿಗೆ 36 ಮೈಕ್ರಾನ್.

ಅಷ್ಟೂ ತಪ್ಪಾಗಿ ಕಾಣಿಸುವುದಿಲ್ಲ. ಬಿಚ್ಚುವ ಕಡೆ ಟೆನ್ಷನ್ ಏಕಾಏಕಿ ಏರಿ ಅಲ್ಲೇ ನಿಂತರೆ, ಎರಡನೇ ಘಟಕದಲ್ಲಿ ತಪ್ಪು ಮೆಲ್ಲಗೆ ಏರಿ ಆ ಮೊತ್ತದ ಸುಮಾರು 37% ಮುಟ್ಟಿ, ಮತ್ತೆ ತಾನಾಗಿಯೇ ಇಳಿಯುತ್ತದೆ. ಯಾಕೆಂದರೆ ಸ್ವಲ್ಪ ಹೊತ್ತಿನ ಮೇಲೆ ಮೊದಲ ಪದರವೂ ಅದೇ ಹೊಸ ಎಳೆತದಲ್ಲೇ ಅಚ್ಚಾಗಿ ಬರುತ್ತದೆ. ಆದರೂ 5% ಏರಿಳಿತಕ್ಕೆ ತುದಿಯಲ್ಲಿ 65 ಮೈಕ್ರಾನ್ ಆಯಿತು. ನಿಮ್ಮ ಬೆಳಗಿನ ±60ಕ್ಕೆ ಇದೊಂದೇ ಸಾಕು. ಈ ಏರಿಳಿತದ ಕಾಲಮಾನ ಉದ್ದವನ್ನು ವೇಗದಿಂದ ಭಾಗಿಸಿದಷ್ಟು. 6 ಮೀಟರ್, ಸೆಕೆಂಡಿಗೆ 0.1 ಮೀಟರ್, ಅಂದರೆ 60 ಸೆಕೆಂಡ್. ಬ್ರೇಕ್ ಒಮ್ಮೆ ಜಗ್ಗಿದರೆ ಅದರ ನೆನಪು ಲೈನ್‌ನಲ್ಲಿ ನಿಮಿಷಗಟ್ಟಲೆ ಇರುತ್ತದೆ.

ಮೊದಲು ಮಾಡಬೇಕಾದದ್ದು: ಸ್ವಯಂ ತಿದ್ದುಪಡಿ (ಕ್ಯಾಮೆರಾ ನೋಡಿದ ತಪ್ಪನ್ನು ಯಂತ್ರ ತಾನೇ ಸರಿಮಾಡುವುದು) ಆಫ್ ಮಾಡಿ, ಬರಿ ತಪ್ಪನ್ನು ಬರೆದಿಟ್ಟುಕೊಳ್ಳಿ. ಪಕ್ಕದಲ್ಲಿ ಲೋಡ್‌ಸೆಲ್ ಅಳೆದ ಟೆನ್ಷನ್, ಡ್ರೈಯರ್ ತಾಪ, ಕೋಣೆಯ ತಾಪ, ತೇವ. ತಿದ್ದುಪಡಿ ಆನ್ ಇದ್ದಾಗ ತೆಗೆದ ಡೇಟಾದಲ್ಲಿ ರೋಗ ಯಾವುದು, ಔಷಧಿ ಯಾವುದು ಗೊತ್ತಾಗುವುದಿಲ್ಲ.

ಡಯಲ್_ಗೇಜ್

ನಾನು ರೋಲರ್ ಕೆಲಸದವನು, ಫಾರ್ಮುಲಾ ಜಾಸ್ತಿ ಬರುವುದಿಲ್ಲ. ಒಂದು ವಿಷಯ ಸೇರಿಸುತ್ತೇನೆ. ಎರಡನೇ ಘಟಕದ ಇಂಪ್ರೆಷನ್ ರೋಲರ್ (ಫಿಲ್ಮ್ ಅನ್ನು ಸ್ಕ್ರೀನ್‌ಗೆ ಒತ್ತುವುದು) ಡ್ರೈಯರ್‌ನ ಬಾಯಿಗೆ ಹತ್ತಿರವೇ? ಫಿಲ್ಮ್ ತಣಿಸುವ ಚಿಲ್ ರೋಲರ್ ಇದೆಯೇ? ಉಕ್ಕು ಒಂದು ಡಿಗ್ರಿಗೆ 11ರಿಂದ 12 ಪಿಪಿಎಂ ಹಿಗ್ಗುತ್ತದೆ. ಆ ರೋಲರ್ ಬಿಸಿಯಾದರೆ ಅದರ ಮೈ ವೇಗ ಅಷ್ಟೇ ಹೆಚ್ಚುತ್ತದೆ, ಫಿಲ್ಮ್ ಅನ್ನು ಅಷ್ಟು ಹೆಚ್ಚು ಎಳೆಯುತ್ತದೆ. ಪರದೆ ಮೇಲೆ ಆರ್‌ಪಿಎಂ ಮಾತ್ರ ಬೆಳಗ್ಗೆಯಿಂದ ಸಂಜೆವರೆಗೂ ಅದೇ.

ಇನ್ನೊಂದು, ರೋಲರ್ ರನ್‌ಔಟ್, ಅಂದರೆ ತಿರುಗುವಾಗ ಅದರ ಮೈ ಎಷ್ಟು ಆಚೀಚೆ ಆಗುತ್ತದೆ ಅನ್ನುವುದು. ಬರಿ ಫಿಲ್ಮ್ ಹೊರುವ ಐಡ್ಲರ್‌ಗಳಿಗಿಂತ, ಫಿಲ್ಮ್ ಹಿಡಿದು ನಡೆಸುವ ರೋಲರ್‌ಗಳದ್ದು ಮುಖ್ಯ. ಬೇರಿಂಗ್‌ನಲ್ಲಿ ಕೂತ ಸ್ಥಿತಿಯಲ್ಲೇ ಡಯಲ್ ಇಟ್ಟು ತಿರುಗಿಸಿ ನೋಡಿ. ಬಿಚ್ಚಿ ವಿ-ಬ್ಲಾಕ್ ಮೇಲಿಟ್ಟು ನೋಡಿದರೆ ರೋಲರ್ ಸಾಚಾ ಅನಿಸುತ್ತದೆ, ಬೇರಿಂಗ್‌ನ ಕಳ್ಳಾಟ ಅಲ್ಲಿ ಸಿಗುವುದಿಲ್ಲ.

ಪೀಣ್ಯ_ಎರಡನೇ_ಹಂತ

ಸರ್, ಡ್ರೈಯರ್ ಬಾಯಿಂದ ಒಂದೂವರೆ ಮೀಟರ್ ಅಷ್ಟೇ. ಚಿಲ್ ರೋಲರ್ ಇಲ್ಲ. ಜೊತೆಗೆ ಆ ಕಡೆಯೇ ಪಶ್ಚಿಮದ ಶಟರ್. ಫೆಬ್ರವರಿ, ಮಾರ್ಚ್‌ನಲ್ಲಿ ಮಧ್ಯಾಹ್ನ ಬಿಸಿಲು ನೇರ ಒಳಗೆ ಬರುತ್ತದೆ, ಮೇಲೆ ಶೀಟು.

ಲೂಪ್_ಗೇನ್

ಡಯಲ್_ಗೇಜ್ ಅವರು ಹೇಳಿದ್ದು ಬಹಳ ದೊಡ್ಡ ಸುಳಿವು. ಎರಡನೇ ಘಟಕದ ಆ ರೋಲರ್ 1 ಡಿಗ್ರಿ ಬಿಸಿಯಾದರೆ 11.5 ಪಿಪಿಎಂ, 6 ಮೀಟರಿಗೆ 69 ಮೈಕ್ರಾನ್ ಜರುಗುತ್ತದೆ. ಇದು ಮೇಲೆ ಹೇಳಿದ ಟೆನ್ಷನ್ ಏರಿಳಿತದ ಹಾಗೆ ತಾನಾಗಿ ವಾಪಸ್ ಬರುವುದಿಲ್ಲ, ಅಲ್ಲೇ ನಿಲ್ಲುತ್ತದೆ. 10 ಡಿಗ್ರಿ ಏರಿದರೆ ಸುಮಾರು 700 ಮೈಕ್ರಾನ್ ಜರುಗುವುದರ ಜೊತೆಗೆ ಆ ಭಾಗದ ಟೆನ್ಷನ್ ಕೂಡ 19 ನ್ಯೂಟನ್ ಹೆಚ್ಚುತ್ತದೆ. ನೂರರಲ್ಲಿ ಹತ್ತೊಂಬತ್ತು!

ಡ್ರೈಯರ್ ಒಳಗಿನ ಫಿಲ್ಮ್ ಲೆಕ್ಕವೂ ಹೀಗೇ. ಬಿಸಿ ವಲಯ 3 ಮೀಟರ್ ಇದೆ ಎಂದುಕೊಳ್ಳಿ. ಪಿಇಟಿ ಡಿಗ್ರಿಗೆ ಸುಮಾರು 18 ಪಿಪಿಎಂ ಹಿಗ್ಗುತ್ತದೆ. ಫಿಲ್ಮ್ ತಾಪ 1 ಡಿಗ್ರಿ ಆಚೀಚೆ ಆದರೆ 54 ಮೈಕ್ರಾನ್. ಡ್ರೈಯರ್ ಕಂಟ್ರೋಲರ್ ±3 ಡಿಗ್ರಿ ತೂಗಾಡುತ್ತಿದ್ದರೆ ಯಾವ ಕ್ಯಾಮೆರಾ ತಂದರೂ ಅದರ ಹಿಂದೆ ಓಡುವುದೇ ಕೆಲಸವಾಗುತ್ತದೆ. ನನ್ನ ಅಭಿಪ್ರಾಯ ಸ್ಪಷ್ಟ: ಎರಡು ಮುದ್ರಣಗಳ ನಡುವೆ ಇರುವ ಫಿಲ್ಮ್‌ನ ಉದ್ದವೇ ಎಲ್ಲ ಸಣ್ಣ ತಪ್ಪುಗಳನ್ನೂ ಗುಣಿಸುವ ಸಂಖ್ಯೆ. ಡ್ರೈಯರ್‌ನಲ್ಲಿ ಫಿಲ್ಮ್ ಹಾವಿನಂತೆ ಸುತ್ತಿ ಬರುವ ದಾರಿಯನ್ನು ಅರ್ಧ ಮಾಡಲು ಸಾಧ್ಯವಾದರೆ, ಈ ಮೈಕ್ರಾನ್ ಅಂಕಿಗಳೂ ಅದಕ್ಕೆ ತಕ್ಕಂತೆ ಇಳಿಯುತ್ತವೆ. ಇನ್‌ಫ್ರಾರೆಡ್ ಒಣಗಿಸುವಿಕೆ, ಇನ್ಸುಲೇಟರ್‌ಗೆ ಯುವಿ ಶಾಯಿ, ಇವನ್ನೆಲ್ಲ ಆ ದೃಷ್ಟಿಯಿಂದ ನೋಡಬೇಕು.

ಜಾಲಹಳ್ಳಿ_ವಿದ್ಯಾರ್ಥಿ

ನಾನು ಎಂ.ಟೆಕ್. ಓದುತ್ತಿದ್ದೇನೆ. ಒಂದು ಪ್ರಶ್ನೆ. ಪಿಇಟಿ ಬಿಟ್ಟು ಪಾಲಿಇಮೈಡ್‌ಗೆ ಹೋದರೆ ಈ ಎಲ್ಲ ತೊಂದರೆಯೂ ತಪ್ಪುವುದಿಲ್ಲವೇ? ಅದು 300 ಡಿಗ್ರಿಗೂ ಜಗ್ಗುವುದಿಲ್ಲವಲ್ಲ.

ತೇವ_ತಾಪ

ತಪ್ಪುವುದಿಲ್ಲ. ಬಿಸಿ ತಾಳುವುದು ಬೇರೆ, ಅಳತೆ ಕಾಯುವುದು ಬೇರೆ. ಸಾಮಾನ್ಯವಾಗಿ ಸಿಗುವ ಪಾಲಿಇಮೈಡ್ ಫಿಲ್ಮ್‌ನ ಮಾಡ್ಯುಲಸ್ ಸುಮಾರು 2.5 ಗಿಗಾಪಾಸ್ಕಲ್. ಅಂದರೆ ಅದೇ ದಪ್ಪ, ಅದೇ ಎಳೆತಕ್ಕೆ ಪಿಇಟಿಗಿಂತ ಹೆಚ್ಚು ಹಿಗ್ಗುತ್ತದೆ. ತಾಪಕ್ಕೆ ಹಿಗ್ಗುವುದು ಹೆಚ್ಚುಕಡಿಮೆ ಪಿಇಟಿಯಷ್ಟೇ, ಡಿಗ್ರಿಗೆ 20 ಪಿಪಿಎಂ. ತೇವಕ್ಕೆ ಅದಕ್ಕಿಂತ ಹೆಚ್ಚು. ಬೆಲೆಯಂತೂ ಹೇಳುವುದೇ ಬೇಡ. ಪಿಇಎನ್ (ಪಿಇಟಿಯಂಥದ್ದೇ ಇನ್ನೊಂದು ಪಾಲಿಯೆಸ್ಟರ್) ಸ್ವಲ್ಪ ವಾಸಿ; ಪಿಇಟಿ ಮೆತ್ತಗಾಗಲು ಶುರುವಾಗುವ ಗಾಜು-ಸಂಕ್ರಮಣ ತಾಪ 78 ಡಿಗ್ರಿ ಆಸುಪಾಸು, ಪಿಇಎನ್‌ಗೆ 120. ಆದರೆ ಇವರಿಗೆ ಫಿಲ್ಮ್ ಬದಲಿಸುವ ಅಗತ್ಯ ಇದೆ ಅಂತ ನನಗೆ ಅನಿಸುತ್ತಿಲ್ಲ.

ಈಗ ಮೂರನೇ ಪದರದ ವಿಷಯಕ್ಕೆ ಬರುತ್ತೇನೆ, ಅದನ್ನು ಯಾರೂ ಇನ್ನೂ ಮುಟ್ಟಿಲ್ಲ. ಮೊದಲೆರಡು ಪದರಗಳದ್ದು ಯಂತ್ರದ ಕಥೆ. ಮೂರನೆಯದು ರ‍್ಯಾಕ್ ಮೇಲೆ ಕುಳಿತ ರೋಲ್‌ನ ಕಥೆ.

ಪಿಇಟಿ ಗಾಳಿಯ ತೇವ ಕುಡಿಯುತ್ತದೆ. ಸಾಪೇಕ್ಷ ತೇವ 1% ಏರಿದರೆ ಸುಮಾರು 10 ಪಿಪಿಎಂ ಹಿಗ್ಗುತ್ತದೆ ಎಂದು ಹಿಡಿಯಬಹುದು, ಫಿಲ್ಮ್ ದರ್ಜೆಯ ಮೇಲೆ ಸ್ವಲ್ಪ ಹೆಚ್ಚುಕಡಿಮೆ. ಡ್ರೈಯರ್‌ನಿಂದ ಹೊರಬಂದ ಫಿಲ್ಮ್ ಒಣಗಿ ಕುಗ್ಗಿರುತ್ತದೆ. 125 ಮೈಕ್ರಾನ್ ಹಾಳೆಯನ್ನು ಬಿಡಿಯಾಗಿ ನೇತುಹಾಕಿದರೆ ಕೆಲವೇ ಗಂಟೆಗಳಲ್ಲಿ ಕೋಣೆಯ ತೇವಕ್ಕೆ ಸಮನಾಗುತ್ತದೆ. ಆದರೆ ರೋಲ್ ಸುತ್ತಿದ ಮೇಲೆ ತೇವ ಒಳಗೆ ಹೋಗಬೇಕಾದದ್ದು ಅಂಚುಗಳಿಂದ, ಹೊರಸುತ್ತಿನಿಂದ, ಅದೂ ಬಹಳ ನಿಧಾನ. ಹೀಗಾಗಿ ಒಂದೇ ರೋಲ್‌ನ ಹೊರಸುತ್ತು ಒಂದು ಅಳತೆ, ಒಳಸುತ್ತು ಇನ್ನೊಂದು. ಅಂಚು ಒಂದು, ನಡು ಇನ್ನೊಂದು. ಬೆಂಗಳೂರಿನ ಹವೆ ಹಿತ ಅಂತ ನಾವೆಲ್ಲ ಹೇಳುತ್ತೇವೆ, ಮನುಷ್ಯರಿಗೆ ಅದು ನಿಜ. ಫಿಲ್ಮ್‌ಗೆ ಹಾಗಲ್ಲ. ಮಾರ್ಚ್ ಮಧ್ಯಾಹ್ನ ತೇವ 30% ಆಸುಪಾಸಿಗೆ ಇಳಿಯುತ್ತದೆ. ಮಾವಿನ ಮಳೆ ಒಂದು ಸಂಜೆ ಬಂದರೆ ಅದೇ ರಾತ್ರಿ ಎಲ್ಲಿಗೋ ಏರುತ್ತದೆ. ಮಳೆಗಾಲದ ಬೆಳಗಿನ ಜಾವ 80% ಮೇಲೆ. ಬರಿ 20% ವ್ಯತ್ಯಾಸ ತೆಗೆದುಕೊಂಡರೂ 200 ಪಿಪಿಎಂ. ನಿಮ್ಮ 500 ಮಿ.ಮೀ. ರಿಪೀಟ್‌ಗೆ ಅದು 100 ಮೈಕ್ರಾನ್, 300 ಮಿ.ಮೀ. ಅಗಲಕ್ಕೆ 60 ಮೈಕ್ರಾನ್.

ಇದರ ಜೊತೆಗೆ ವಾಪಸ್ ಬಾರದ ಕುಗ್ಗುವಿಕೆ ಇದೆ. ಫಿಲ್ಮ್ ತಯಾರಿಸುವಾಗ ಅದನ್ನು ಎರಡೂ ದಿಕ್ಕಿಗೆ ಎಳೆದು ಹಿಗ್ಗಿಸಿರುತ್ತಾರೆ. ಬಿಸಿ ತಾಗಿದಾಗ ಆ ಬಿಗಿ ಸಡಿಲಗೊಂಡು ಕುಗ್ಗುತ್ತದೆ. 150 ಡಿಗ್ರಿಯಲ್ಲಿ 30 ನಿಮಿಷ ಇಟ್ಟರೆ ಸಾಮಾನ್ಯ ಪಿಇಟಿ 1% ಅಥವಾ ಅದಕ್ಕೂ ಹೆಚ್ಚು ಕುಗ್ಗಬಹುದು. ಹೀಟ್ ಸ್ಟೆಬಿಲೈಸ್ ಮಾಡಿದ್ದು (ಮೊದಲೇ ಕಾಯಿಸಿ ಕುಗ್ಗಿಸಿದ್ದು) 0.1% ಸುತ್ತಮುತ್ತ. 0.1% ಅಂದರೆ ಎಷ್ಟು ಗೊತ್ತೇ? 1000 ಪಿಪಿಎಂ. ±25 ಮೈಕ್ರಾನ್ ಕೇಳುವವರಿಗೆ ಅದೂ ಬೆಟ್ಟವೇ. ಆದ್ದರಿಂದ ಹೊಲಿಯುವ ಮುಂಚೆ ಬಟ್ಟೆಯನ್ನು ನೆನೆಸಿ ಒಣಗಿಸುವಂತೆ, ಮುದ್ರಣಕ್ಕೆ ಮುಂಚೆ ಖಾಲಿ ಫಿಲ್ಮ್ ಅನ್ನು ಒಮ್ಮೆ ಡ್ರೈಯರ್ ಮೂಲಕ ಓಡಿಸಿ. ಮುದ್ರಣದ ತಾಪಕ್ಕಿಂತ ತುಸು ಹೆಚ್ಚು ತಾಪ, ಟೆನ್ಷನ್ ಮಾತ್ರ ಎಷ್ಟು ಸಾಧ್ಯವೋ ಅಷ್ಟು ಕಡಿಮೆ. ಬಿಸಿಯಲ್ಲಿ ಜಗ್ಗಿದರೆ ಉದ್ದಕ್ಕೆ ಹಿಗ್ಗಿ ಅಡ್ಡಕ್ಕೆ ಕುಗ್ಗಿ ಹಾಗೇ ಉಳಿಯುತ್ತದೆ, ಮಾಡಿದ್ದು ವ್ಯರ್ಥ.

ಪೀಣ್ಯ_ಎರಡನೇ_ಹಂತ

ಮೇಡಂ, ತುಂಬ ಧನ್ಯವಾದ. ನಮ್ಮ ರೋಲ್‌ಗಳು ಇರುವುದು ಗೋಡೆ ಪಕ್ಕದ ತೆರೆದ ರ‍್ಯಾಕ್‌ನಲ್ಲಿ. ನಾಳೆಯಿಂದಲೇ ಒಂದು ತೇವಮಾಪಕ ಇಡುತ್ತೇನೆ. ಡೇಟಾ ತೆಗೆದು ಮತ್ತೆ ಬರುತ್ತೇನೆ.

ಲೂಪ್_ಗೇನ್

ಡೇಟಾ ತೆಗೆಯುವ ಮುಂಚೆ ಒಂದು ಎಚ್ಚರಿಕೆ. ನೀವು ರಿಪೀಟ್‌ಗೆ ಒಂದೇ ಗುರುತು ಓದುತ್ತಿದ್ದೀರಿ, ಅಂದರೆ 500 ಮಿ.ಮೀ.ಗೆ ಒಂದು ಅಳತೆ. 1 ಮೀಟರ್‌ಗಿಂತ ಚಿಕ್ಕ ಅಲೆ ಯಾವುದೇ ಇದ್ದರೂ ಅದು ವೇಷ ಬದಲಿಸಿ ಕಾಣಿಸುತ್ತದೆ. ಮೊದಲ ಪದರದ ಆರ್ಟ್‌ವರ್ಕ್‌ನಲ್ಲೇ ಅಂಚಿನ ಉದ್ದಕ್ಕೂ 50 ಮಿ.ಮೀ.ಗೊಂದು ಗುರುತು ಸೇರಿಸಿ, ಎರಡನೇ ಪದರಕ್ಕೂ ಹಾಗೇ. ಎರಡೂ ಅಂಚಿನಲ್ಲಿದ್ದರೆ ಇನ್ನೂ ಒಳ್ಳೆಯದು, ಓರೆಯಾದದ್ದೂ ಅಗಲ ಕುಗ್ಗಿದ್ದೂ ಒಟ್ಟಿಗೆ ಸಿಗುತ್ತವೆ.

ಶಾಯಿ_ಅಂಗಳ

ಅಡ್ಡ ದಿಕ್ಕಿನ ಬಗ್ಗೆ ಒಂದು ಮಾತು. ಫಿಲ್ಮ್ ರೋಲರ್‌ಗೆ ಲಂಬವಾಗಿಯೇ ಒಳಹೋಗಲು ನೋಡುತ್ತದೆ. ಅಮೆರಿಕದ ಒಕ್ಲಹೋಮಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಜಾನ್ ಶೆಲ್ಟನ್ 1968ರ ಪಿಎಚ್.ಡಿ. ಪ್ರಬಂಧದಲ್ಲಿ ಈ ಅಡ್ಡಚಲನೆಯ ಲೆಕ್ಕವನ್ನು ಕಟ್ಟಿಕೊಟ್ಟರು. 300 ಮಿ.ಮೀ. ಅಗಲದಲ್ಲಿ ರೋಲರ್ 0.1 ಮಿ.ಮೀ. ಓರೆಯಾಗಿದ್ದರೆ, 1 ಮೀಟರ್ ದಾರಿಯಲ್ಲಿ ಫಿಲ್ಮ್ ಸುಮಾರು 200 ಮೈಕ್ರಾನ್ ಪಕ್ಕಕ್ಕೆ ಸರಿಯುತ್ತದೆ. ಆ ಸರಿತ ಒಂದೇ ಸಮ ಇದ್ದರೆ ತೊಂದರೆಯಿಲ್ಲ, ಸ್ಕ್ರೀನ್ ಸರಿಸಿ ಹೊಂದಿಸಿಕೊಳ್ಳಬಹುದು. ಹಿಡಿತವೋ ಟೆನ್ಷನ್ನೋ ಬದಲಾದಾಗ ಅದು ಅಲೆದಾಡಲು ಶುರು ಮಾಡುತ್ತದೆ. ವೆಬ್ ಗೈಡ್ (ಫಿಲ್ಮ್ ಪಕ್ಕಕ್ಕೆ ಸರಿಯದಂತೆ ನಡೆಸುವ ಸಾಧನ) ಅನ್ನು ಮುದ್ರಣ ಘಟಕದ ಹತ್ತಿರವೇ ಇಡಿ. ಮತ್ತು ಅದು ಫಿಲ್ಮ್‌ನ ಅಂಚನ್ನು ಬಿಟ್ಟು ಮುದ್ರಿಸಿದ ಗೆರೆಯನ್ನು ಹಿಂಬಾಲಿಸುವಂತೆ ಮಾಡಿ. ಕತ್ತರಿಸಿದ ಅಂಚು ಯಾವತ್ತೂ ನೇರ ಇರುವುದಿಲ್ಲ.

ಪೀಣ್ಯ_ಎರಡನೇ_ಹಂತ

ಡೇಟಾದೊಂದಿಗೆ ವಾಪಸ್ ಬಂದಿದ್ದೇನೆ.

ತಿದ್ದುಪಡಿ ಆಫ್ ಮಾಡಿ ಓಡಿಸಿದಾಗ ಹಳೆಯ ಗುರುತಿನಲ್ಲಿ ಸುಮಾರು ಎರಡೂವರೆ ರಿಪೀಟ್‌ಗೊಮ್ಮೆ ಬರುವ ಅಲೆ ಕಂಡಿತು. ಅಷ್ಟು ಸುತ್ತಳತೆಯ ರೋಲರ್ ನಮ್ಮಲ್ಲಿ ಇಲ್ಲವೇ ಇಲ್ಲ. 50 ಮಿ.ಮೀ. ಗುರುತುಗಳನ್ನು ಓದಿದ ಮೇಲೆ ನಿಜವಾದ ಅಲೆ ಸಿಕ್ಕಿತು: 314 ಮಿ.ಮೀ. ಅದು ಎರಡನೇ ಘಟಕದ 100 ಮಿ.ಮೀ. ವ್ಯಾಸದ ಇಂಪ್ರೆಷನ್ ರೋಲರ್. ಡಯಲ್_ಗೇಜ್ ಸರ್ ಹೇಳಿದಂತೆ ಕೂತಲ್ಲೇ ಅಳೆದರೆ ರನ್‌ಔಟ್ 40 ಮೈಕ್ರಾನ್.

ಶಟರ್ ಮುಚ್ಚಿಸಿ, ಆ ರೋಲರ್ ಮೈಗೆ ತಾಪಮಾಪಕ ಹಿಡಿದೆವು. ಬೆಳಗ್ಗೆಯಿಂದ ಮಧ್ಯಾಹ್ನಕ್ಕೆ 9 ಡಿಗ್ರಿ ಏರುತ್ತಿತ್ತು, ಶಟರ್ ಮುಚ್ಚಿದ ಮೇಲೆ 6. ಉಳಿದದ್ದು ಡ್ರೈಯರ್‌ನದ್ದೇ ಇರಬೇಕು.

ಲೂಪ್_ಗೇನ್

ಲೆಕ್ಕ ಕೂಡುತ್ತದೆ. 314 ಮಿ.ಮೀ. ಅಲೆಯನ್ನು 500 ಮಿ.ಮೀ.ಗೊಮ್ಮೆ ನೋಡಿದರೆ 1.23 ಮೀಟರ್ ಅಲೆಯಂತೆ ಕಾಣುತ್ತದೆ, ಅಂದರೆ 2.45 ರಿಪೀಟ್. ರನ್‌ಔಟ್ 40 ಅಂದರೆ ಕೇಂದ್ರ 20 ಮೈಕ್ರಾನ್ ತಪ್ಪಿದೆ, ಮುದ್ರಣ ±20 ಹಿಂದೆಮುಂದೆ ಆಗುತ್ತದೆ. ನಿಮ್ಮ ±25ರಲ್ಲಿ ಇದೊಂದೇ ಬಹುಪಾಲು ನುಂಗಿದೆ. ಇನ್ನೂ ಕೆಟ್ಟದ್ದು, ನಿಮ್ಮ ಕಂಟ್ರೋಲರ್ ಇಲ್ಲದ ಆ 1.23 ಮೀಟರ್ ಅಲೆಯನ್ನು ನಿಜ ಅಂತ ನಂಬಿ ಪ್ರತಿ ರಿಪೀಟ್‌ಗೂ ತಿದ್ದುತ್ತಿತ್ತು. ಪ್ರತಿ ತಿದ್ದುಪಡಿಯೂ ಟೆನ್ಷನ್ ಅನ್ನು ಕಲಕುತ್ತದೆ.

ದಾರಿ ಎರಡು. ರೋಲರ್ ಅನ್ನು ಅದರ ಬೇರಿಂಗ್ ಸಮೇತ ಗ್ರೈಂಡ್ ಮಾಡಿಸುವುದು. ಅಥವಾ ತಪ್ಪು ಕೋನಕ್ಕೆ ಕಟ್ಟುಬಿದ್ದು ಮರುಕಳಿಸುವುದರಿಂದ, ಡ್ರೈವ್‌ನಲ್ಲಿ ಕ್ಯಾಮ್ ಟೇಬಲ್ (ಕೋನವಾರು ತಿದ್ದುಪಡಿಯ ಪಟ್ಟಿ) ಹಾಕಿ ಕೋನದ ಪ್ರಕಾರ ಮೊದಲೇ ತಿದ್ದುವುದು. ನಾನಾದರೆ ಗ್ರೈಂಡಿಂಗ್ ಮಾಡಿಸುತ್ತೇನೆ. ಆಮೇಲೆ ಸ್ವಯಂ ತಿದ್ದುಪಡಿ ಲೂಪ್‌ನ ಗೇನ್ (ಎಷ್ಟು ಜೋರಾಗಿ ತಿದ್ದುವುದು ಅನ್ನುವುದು) ಇಳಿಸಿ. ಕ್ಯಾಮೆರಾ ಮುದ್ರಣದಿಂದ 400 ಮಿ.ಮೀ. ಮುಂದೆ ಇದ್ದರೆ 4 ಸೆಕೆಂಡ್ ತಡವಾಗಿಯೇ ಸುದ್ದಿ ಬರುತ್ತದೆ, ಅವಸರದ ತಿದ್ದುಪಡಿ ಅಲ್ಲಿ ಕೆಲಸಕ್ಕೆ ಬಾರದು.

ಡಯಲ್_ಗೇಜ್

ಗ್ರೈಂಡಿಂಗ್ ಪೀಣ್ಯದಲ್ಲೇ ಆಗುತ್ತದೆ, ಕೈ ಪಳಗಿದವರು ಬೇಕಾದಷ್ಟು ಜನ ಇದ್ದಾರೆ. 5 ಮೈಕ್ರಾನ್ ಒಳಗೆ ಕೇಳಿ, ಒಪ್ಪಿಕೊಳ್ಳುತ್ತಾರೆ. ಆದರೆ ಅಳತೆಯ ವರದಿ ಬೇರೆ ಕಡೆಯಿಂದ ತೆಗೆದುಕೊಳ್ಳಿ. ತುಮಕೂರು ರಸ್ತೆಯ ಸಿಎಂಟಿಐನಲ್ಲಿ (ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ) ಅಳತೆ ವಿಭಾಗ ಇದೆ, ವಿಚಾರಿಸಿ. ಆ ರೋಲರ್‌ಗೆ ಮುಂಚೆ ನೀರು ಹರಿಯುವ ಚಿಲ್ ರೋಲರ್ ಒಂದು ಕೂರಿಸಿ. ಹೊಸ ಕ್ಯಾಮೆರಾದ ಖರ್ಚಿಗೆ ಹೋಲಿಸಿದರೆ ಅದು ಏನೂ ಅಲ್ಲ.

ಜಾಲಹಳ್ಳಿ_ವಿದ್ಯಾರ್ಥಿ

ಹೊಂದಾಣಿಕೆಯ ಗೋಜೇ ಇಲ್ಲದ ವಿಧಾನಗಳ ಬಗ್ಗೆ ಓದಿದ್ದೆ. ಎಚ್‌ಪಿ ಲ್ಯಾಬ್ಸ್‌ನವರ ‘ಸೇಲ್’ ವಿಧಾನದಲ್ಲಿ ಎಲ್ಲ ಪದರಗಳ ಆಕಾರವನ್ನೂ ಬೇರೆ ಬೇರೆ ಎತ್ತರದ ಒಂದೇ ಅಚ್ಚಾಗಿ ಮೊದಲೇ ಒತ್ತಿಬಿಡುತ್ತಾರೆ. ಆಮೇಲೆ ಫಿಲ್ಮ್ ಹಿಗ್ಗಿದರೆ ಅಚ್ಚೂ ಜೊತೆಗೇ ಹಿಗ್ಗುತ್ತದೆ. ಮಿನೆಸೋಟ ವಿಶ್ವವಿದ್ಯಾಲಯದ ‘ಸ್ಕೇಲ್’ ವಿಧಾನದಲ್ಲಿ ಶಾಯಿ ಸಣ್ಣ ಕಾಲುವೆಗಳಲ್ಲಿ ತಾನಾಗಿ ಹರಿದು ತನ್ನ ಜಾಗ ಸೇರುತ್ತದೆ. ಅದನ್ನು ಇಲ್ಲಿ ಮಾಡಬಹುದೇ?

ಶಾಯಿ_ಅಂಗಳ

ಒಳ್ಳೆಯ ವಿಚಾರ, ಮುಂದೊಂದು ದಿನ ಮಾಡಬೇಕಾದದ್ದು. ಇವರ ರೋಟರಿ ಸ್ಕ್ರೀನ್ ಲೈನ್‌ಗೆ ಇವತ್ತು ಕೂರುವುದಿಲ್ಲ. ಆದರೆ ಆ ಯೋಚನೆಯ ಒಂದು ಪಾಲನ್ನು ವಿನ್ಯಾಸದಲ್ಲಿ ತರಬಹುದು. ಕ್ರಾಸ್‌ಓವರ್‌ನಲ್ಲಿ ಇನ್ಸುಲೇಟರ್ ತುಂಡನ್ನು ಉದ್ದ ದಿಕ್ಕಿಗೆ 100 ಮೈಕ್ರಾನ್ ದೊಡ್ಡದು ಮಾಡಿ. ಸೂಕ್ಷ್ಮ ಭಾಗಗಳನ್ನು ಅಗಲದ ನಡುವಿಗೆ ತನ್ನಿ, ಅಂಚಿಗೆ ಅಷ್ಟು ಸೂಕ್ಷ್ಮವಲ್ಲದ ಟರ್ಮಿನಲ್ ಪ್ಯಾಡ್‌ಗಳು ಹೋಗಲಿ. ಮೂರನೇ ಪದರಕ್ಕೆ ಇಂಕ್‌ಜೆಟ್ ಸಾಧ್ಯವಾದರೆ ಇನ್ನೂ ಮೇಲು. ಗುರುತುಗಳನ್ನು ಓದಿ ಪ್ರತಿ ರಿಪೀಟ್‌ಗೂ ಚಿತ್ರವನ್ನೇ ಹಿಗ್ಗಿಸಿ ಕುಗ್ಗಿಸಿ ಹೊಡೆಯಬಹುದು. ಸ್ಕ್ರೀನ್‌ಗೆ ಆ ಸ್ವಾತಂತ್ರ್ಯ ಇಲ್ಲ.

ಪೀಣ್ಯ_ಎರಡನೇ_ಹಂತ

ರೋಲರ್ ಗ್ರೈಂಡ್ ಆಗಿ ಬಂತು, ಚಿಲ್ ರೋಲರ್ ಕೂತಿತು, ಗೇನ್ ಇಳಿಸಿದೆವು. ಮೊದಲೆರಡು ಪದರ ಈಗ ಇಡೀ ದಿನ ±30 ಒಳಗೆ ನಿಲ್ಲುತ್ತಿದೆ. ಕ್ಯಾಮೆರಾ ಹಳೆಯದೇ. ಹೇಳಲಾರದಷ್ಟು ಸಂತೋಷ ಆಗಿದೆ. ಮೂರನೇ ಪದರ ಮಾತ್ರ ಇನ್ನೂ 100ರ ಮೇಲೆಯೇ. ಎರಡನೇ ಓಟದಲ್ಲಿ ಸ್ಕ್ರೀನ್ ಮತ್ತು ಇಂಪ್ರೆಷನ್ ರೋಲರ್ ಒಂದೇ ಗೇರ್‌ನಲ್ಲಿವೆ, ಬೇರೆ ಮಾಡಲು ಆಗದು.

ಲೂಪ್_ಗೇನ್

ಹಾಗಾದರೆ ಪಿಚ್ (ಗುರುತಿನಿಂದ ಗುರುತಿಗೆ ಇರುವ ಅಂತರ) ಅನ್ನು ಟೆನ್ಷನ್‌ನಿಂದ ಹೊಂದಿಸಬೇಕು. ಫಿಲ್ಮ್ 200 ಪಿಪಿಎಂ ಕುಗ್ಗಿದ್ದರೆ ಪ್ರತಿ ರಿಪೀಟ್‌ಗೂ 100 ಮೈಕ್ರಾನ್ ತಪ್ಪು ಸೇರುತ್ತಾ ಹೋಗುತ್ತದೆ, ನಿಮ್ಮ ಲೂಪ್ ಅದನ್ನು ಒಮ್ಮೊಮ್ಮೆ ಜಗ್ಗಿ ಸರಿಮಾಡುತ್ತಿದೆ. ಬದಲಿಗೆ ಮೂರನೇ ಮುದ್ರಣಕ್ಕೆ ಮುಂಚೆಯೇ ಮೊದಲ ಪದರದ ಗುರುತುಗಳ ಅಂತರ ಅಳೆದು ಟೆನ್ಷನ್ ಹೊಂದಿಸಿ. 200 ಪಿಪಿಎಂಗೆ ಬೇಕಾದದ್ದು 34 ನ್ಯೂಟನ್ ಹೆಚ್ಚುವರಿ; 100ರ ಜಾಗದಲ್ಲಿ 134. ಹಿಗ್ಗಿದ್ದರೆ ಅದೇ ರೀತಿ ಇಳಿಸಿ. ಪಿಚ್ ಹೊಂದಿದ ಮೇಲೆ ಉಳಿದ ಸಣ್ಣದನ್ನು ಲೂಪ್ ನೋಡಿಕೊಳ್ಳಲಿ.

ತೇವ_ತಾಪ

ಲೂಪ್_ಗೇನ್ ಅವರ ಲೆಕ್ಕ ಉದ್ದಕ್ಕೆ ಸರಿ, ಅಗಲಕ್ಕೆ ಹಾನಿ. ಕುಗ್ಗಿದ ಫಿಲ್ಮ್ ಅಗಲದಲ್ಲೂ ಕುಗ್ಗಿರುತ್ತದೆ, 60 ಮೈಕ್ರಾನ್. ಮೇಲಿನಿಂದ 200 ಪಿಪಿಎಂ ಎಳೆದರೆ ಅಡ್ಡಕ್ಕೆ ಇನ್ನೂ ಸುಮಾರು 76 ಪಿಪಿಎಂ ಕುಗ್ಗುತ್ತದೆ, ಅಂದರೆ 23 ಮೈಕ್ರಾನ್. ಒಟ್ಟು 83. ಹೊಂದಾಣಿಕೆಯನ್ನು ಅಗಲದ ನಡುವಿನಿಂದ ಮಾಡಿದರೂ ಎರಡು ಅಂಚಿಗೆ ±41 ಉಳಿಯುತ್ತದೆ. ಟೆನ್ಷನ್ ಒಂದರಿಂದಲೇ ±25 ಬರುವುದಿಲ್ಲ. ತೇವವನ್ನು ಹಿಡಿಯಲೇಬೇಕು.

ಇಡೀ ಶೆಡ್‌ಗೆ ಏಸಿ ಬೇಡ. ರೋಲ್‌ಗಳಿಗೆ ಒಂದು ಸಣ್ಣ ಮುಚ್ಚಿದ ಕೋಣೆ, 50% ತೇವ, ±5. ಡ್ರೈಯರ್‌ನಿಂದ ಬಂದ ಫಿಲ್ಮ್ ಸುತ್ತುವ ಮುಂಚೆ ಒಂದಿಷ್ಟು ದೂರ ಆ ತೇವದ ಗಾಳಿಯಲ್ಲಿ ಓಡಲಿ, ಸುತ್ತಿದ ತಕ್ಷಣ ಅಲ್ಯುಮಿನಿಯಂ ಲ್ಯಾಮಿನೇಟ್ ಚೀಲದಲ್ಲಿ ಮುಚ್ಚಿ. ಮೂರನೇ ಪದರಕ್ಕೆ ಬಿಚ್ಚುವವರೆಗೂ ತೆರೆಯಬೇಡಿ. ರೋಲ್‌ಗಳೆಲ್ಲ ಒಂದೇ ಥರ ಕುಗ್ಗಿರುವಂತಾದರೆ, ಆ ಕುಗ್ಗಿದ ಅಳತೆಗೇ ಮೂರನೇ ಸ್ಕ್ರೀನ್‌ನ ಆರ್ಟ್‌ವರ್ಕ್ ಅನ್ನು ಅಗಲದಲ್ಲಿ ಚಿಕ್ಕದು ಮಾಡಿಸಬಹುದು. ಎಷ್ಟು ಕುಗ್ಗಿದೆ ಅನ್ನುವುದಕ್ಕಿಂತ, ಪ್ರತಿ ಸಲವೂ ಅಷ್ಟೇ ಕುಗ್ಗುತ್ತಿದೆಯೇ ಅನ್ನುವುದು ನಿಮಗೆ ಮುಖ್ಯ.

ಪೀಣ್ಯ_ಎರಡನೇ_ಹಂತ

ಚೀಲ ಈ ವಾರವೇ ತರಿಸುತ್ತೇನೆ. ಕೋಣೆಗೆ ತಾಪ ತಡೆಯುವ ಪಫ್ ಪ್ಯಾನೆಲ್ ಹಾಕುವವರನ್ನು ಕರೆಸಿದ್ದೇನೆ. ಎರಡೂ ಅಂಚಿನ ಗುರುತು, ಟೆನ್ಷನ್, ತೇವ, ರೋಲ್ ಸುತ್ತಿದ ಹೊತ್ತು, ಬಿಚ್ಚಿದ ಹೊತ್ತು, ಎಲ್ಲ ಒಂದೇ ಶೀಟ್‌ನಲ್ಲಿ ಇಲ್ಲಿ ಹಾಕುತ್ತೇನೆ. ಬೇರೆ ಯಾವ ಕಾಲಂ ಬೇಕು?

ತೇವ_ತಾಪ

ರೋಲ್‌ನ ಹೊರಸುತ್ತಿನಿಂದ ಎಷ್ಟನೇ ಮೀಟರ್ ಅನ್ನುವುದನ್ನೂ ಬರೆಯಿರಿ. ಹೊರಗಿನ ಮತ್ತು ಒಳಗಿನ ಸುತ್ತಿನ ವ್ಯತ್ಯಾಸ ಅದರಲ್ಲೇ ತಿಳಿಯುತ್ತದೆ.

ಡಯಲ್_ಗೇಜ್

ಇಂಪ್ರೆಷನ್ ರೋಲರ್‌ನ ಮೈತಾಪ. ಎರಡೂ ತುದಿಯಲ್ಲಿ ಬೇರೆ ಬೇರೆ ಅಳೆಯಿರಿ, ಶಟರ್ ಕಡೆಯದು ಹೆಚ್ಚಿರುತ್ತದೆ.